ಲಿಂಗಸುಗೂರಿನಿಂದ ಸಿಂಧನೂರಿಗೆ ಸೊನ್ನೆ ಮೈಲಿ

ನಿಜಾಮ್ ಸರ್ಕಾರದ ಮೈಲುಗಲ್ಲು ದೇಖರೇಖಿ ಮಹಕಮೆಗೆ ಸೇರಿದ, ಲಿಂಗಸುಗೂರಿನಲ್ಲಿ ಮುಕ್ಕಾಂ ಇದ್ದ ಕಪ್ಪು ಮೋಟಾರು ಗಾಡಿಯು ಫಸಲಿ ೧೩೫೨ನೇ ಸಾಲಿನ ಬೇಸಿಗೆಯಲ್ಲಿ ಓಡುತ್ತಿರುವಾಗಲೇ ನಿಂತಿತ್ತು ಎಂಬುದು ವಿಚಾರಣೆಯಿಂದ ಸಾಬೀತಾದ ಸಂಗತಿ. ಗಾಡಿಯನ್ನು ಓಡಿಸುತ್ತಿದ್ದ ಉಸ್ಮಾನ್‌ಸಾಬನೇ ಹಾಗೆಂದು ಸಹಿ ಹಾಕಿದ್ದಾನೆ. ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಮಹಕಮೆ ಎಂದರೆ ಇಲಾಖೆ. ಅದರ ಕೆಲಸ ಸಣ್ಣದಲ್ಲ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಮೈಲಿಗೊಂದರಂತೆ ಕಲ್ಲು ನೆಟ್ಟಿದ್ದರು. ಆ ಕಲ್ಲುಗಳು ನೆಟ್ಟಲ್ಲೇ ಇವೆಯೋ ಇಲ್ಲವೋ ಎಂದು ನೋಡಿಬರಬೇಕು. ಕಲ್ಲು ತಾನಾಗಿ ಎದ್ದು ಹೋಗುವ ವಸ್ತುವಲ್ಲವಾದ್ದರಿಂದ ಈ ಕೆಲಸಕ್ಕೆ ಬಹಳ ಜನ ಬೇಕಾಗಿದ್ದರು. ಎಲ್ಲರ ಮೇಲೆ ಹೈದರಾಬಾದಿನಿಂದ ಬಂದ ಮೊಹತಮೀಮ್ ಸಾಹೇಬರು. ಅವರ ಕೆಳಗೆ ಕಾಗದಪತ್ರ ನೋಡುವ ಪೇಷ್ಕಾರ ಅಮರಗುಂಡಪ್ಪನವರು. ಅವರ ಕೆಳಗೆ ಗುಮಾಸ್ತರು, ಗುಮಾಸ್ತರ ಕೆಳಗೆ ಚಪರಾಸಿಗಳು, ಚಪರಾಸಿಗಳ ಕೆಳಗೆ ಉಸ್ಮಾನ್‌ಸಾಬ್. ಉಸ್ಮಾನ್‌ಸಾಬನ ಕೆಳಗೆ ರಸ್ತೆ.

ಮೊದಲು ಸಾಹೇಬರು ಕುದುರೆ ಗಾಡಿಯಲ್ಲಿ ದೌರಾ, ಅಂದರೆ ತಪಾಸಣೆಯ ತಿರುಗಾಟ, ಹೋಗುತ್ತಿದ್ದರು. ಕುದುರೆ ಸತ್ತ ವರ್ಷ ಮೋಟಾರು ಬಂತು. ಕುದುರೆ ಸತ್ತಿದೆ ಎಂದು ಬರೆದರೆ ಹೇಗೆ ಸತ್ತಿತು ಎಂದು ಕೇಳುತ್ತಾರೆ, ಆಗ ಅದಕ್ಕೆ ತಿನ್ನಿಸುವ ದಾಣಿ ಯಾರು ತಿಂದರು ಎಂಬ ಮಾತೂ ಬರುತ್ತದೆ. ಆ ಕಾರಣಕ್ಕೆ ಕಾಗದದಲ್ಲಿ ಕುದುರೆ ಸಾಯಲಿಲ್ಲ. ಮೋಟಾರನ್ನು ಅದರ ಜಾಗದಲ್ಲಿ ಕಟ್ಟಿದರು. ಬಣ್ಣ ಎರಡಕ್ಕೂ ಕಪ್ಪೇ ಇದ್ದದ್ದರಿಂದ ತೊಂದರೆಯಾಗಲಿಲ್ಲ. ಹೀಗೆ ಉಸ್ಮಾನ್‌ಸಾಬ್ ಮೋಟಾರು ನಡೆಸುತ್ತಿದ್ದರೂ ಸರ್ಕಾರದ ಕಣ್ಣಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸನಾಗಿದ್ದ. ಮೋಟಾರಿಗೆ ಕುಡಿಸುವ ಪೆಟ್ರೋಲಿಗೆ ಕಚೇರಿಯಲ್ಲಿ ದಾಣಿ ಎಂದೇ ಹೆಸರು.

ಗಾಡಿಯ ವೇಗ, ಮೈಲಿ ತೋರಿಸುವ ಮೀಟರು ನಿಂತದ್ದು ಮಸ್ಕಿ ಹಳ್ಳದ ಹತ್ತಿರ. ಮುಳ್ಳು ಒಮ್ಮೆ ಅದುರಿ ಸೊನ್ನೆಯ ಮೇಲೆ ಮಲಗಿತು. ಕೆಳಗಿನ ಕಿಂಡಿಯಲ್ಲಿ ಮೈಲಿ ಎಣಿಸುವ ಅಂಕಿಗಳೂ ಅಲ್ಲಿಗೇ ನಿಂತವು. ಉಸ್ಮಾನ್‌ಸಾಬ್ ಊರಿಗೆ ಬಂದವನೇ ಪೇಷ್ಕಾರರಿಗೆ ಹೇಳಿದ. ನಿಂತರೆ ನಿಲ್ಲಲಿ, ಮುಳ್ಳನ್ನು ಕೇಳಿ ಯಾರು ಓಡಿಸುತ್ತಾರೆ ಎಂದು ಅವರು ಎಲೆಗೆ ಸುಣ್ಣ ಹಚ್ಚಿದರು.

ಅದು ಲಡಾಯಿಯ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಊರಿನ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಹೀಗಿರುವಾಗ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು: ನಿಮ್ಮ ವಾಹನ ಎಷ್ಟು ತಿಂದಿದೆ, ಎಷ್ಟು ನಡೆದಿದೆ? ಪೇಷ್ಕಾರರು ಜೀವಮಾನದಲ್ಲಿ ಒಮ್ಮೆ ಇದ್ದದ್ದನ್ನು ಇದ್ದಂತೆ ಬರೆದರು. ತಿಂದದ್ದು ಎಲ್ಲಾ. ನಡೆದದ್ದು ಏನೂ ಇಲ್ಲ.

ಮರುಟಪಾಲಿಗೇ ಹುಕುಂ ಬಂತು. ನಡೆಯದ ಕುದುರೆ ದಾಣಿ ತಿನ್ನುವುದಿಲ್ಲ. ದಾಣಿ ಖರ್ಚಾಗಿದೆ. ಆದ್ದರಿಂದ ಸಾಯಿಸ ತಿಂದಿದ್ದಾನೆ. ವಾಹನ ನಡೆದದ್ದನ್ನು ಸಾಬೀತು ಮಾಡದಿದ್ದರೆ ಸಾಯಿಸನ ನೌಕರಿ ಖತಂ, ಮೇಲೆ ಆರು ತಿಂಗಳು ಸಜಾ. ಕುದುರೆಯ ಕಾಲದಲ್ಲಿ ಬರೆದ ಕಾಯಿದೆ ಕುದುರೆಯಿಲ್ಲದ ಕಾಲದಲ್ಲೂ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಪೆಟ್ರೋಲು ಎಲ್ಲಿ ಹೋಗುತ್ತಿತ್ತು ಎಂಬುದು ಗುಟ್ಟಾಗಿರಲಿಲ್ಲ. ಅರ್ಧ ಗಾಡಿಗೆ, ಅರ್ಧ ಪೇಷ್ಕಾರರ ಅಳಿಯನ ಲಾರಿಗೆ. ಆ ಲಾರಿ ಸಿಂಧನೂರಿನಿಂದ ಹತ್ತಿ ಹೊರುತ್ತಿತ್ತು. ಸಾಹೇಬರು ಮಲಗುವ ಗಾದಿಗೆ ಅದೇ ಹತ್ತಿ ಬರುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಬರೆದು ಕಾಗದ ಹಾಳು ಮಾಡುವುದು ಕಚೇರಿಯ ಪದ್ಧತಿಯಾಗಿರಲಿಲ್ಲ.

ಉಸ್ಮಾನ್‌ಸಾಬ್ ತಲೆಯ ಮೇಲಿನ ರುಮಾಲು ಕೈಯಲ್ಲಿ ಹಿಡಿದು ಪೇಷ್ಕಾರರ ಮುಂದೆ ನಿಂತ.

"ತಂತಿ ಕಡದದ ಅಷ್ಟರಿ. ಕೆಳಗ ಗೇರಿನ ಪೆಟಗಿಯಿಂದ ಮೀಟರಿಗೆ ಒಂದು ತಂತಿ ಬರತದ. ಮುಳ್ಳೂ ಏಳವಲ್ದು, ಅಂಕೀನೂ ತಿರುಗವಲ್ದು ಅಂದ್ರ ತಂತೀನ ಕಡದಿರಬೇಕು. ಬಿಚ್ಚಿ ತೋರಸ್ಲೇನ್ರಿ?"

"ಬಿಚ್ಚೀ ಜ್ವಾಕಿ," ಅಂದರು ಪೇಷ್ಕಾರರು. "ಸರ್ಕಾರದ ಪ್ರಾಣಿ ಹೊಟ್ಟಿ ಕೊಯ್ದಿ ಅಂತ ಇನ್ನೊಂದು ಕಲಂ ಹತ್ತತದ. ತಂತಿ ಕಡದದ ಅಂತ ನನಗೂ ಗೊತ್ತದ. ಸಾಹೇಬರಿಗೂ ಗೊತ್ತದ. ಬಾಗಲದಾಗ ತೂಕಡಸೋ ಗಾಳೆಪ್ಪಗೂ ಗೊತ್ತದ."

ಬಾಗಿಲಲ್ಲಿದ್ದ ಚಪರಾಸಿ ಗಾಳೆಪ್ಪ ಕಣ್ಣು ತೆರೆಯದೆ ತಲೆಯಾಡಿಸಿದ.

"ಎಲ್ಲಾರಿಗೂ ಗೊತ್ತಿದ್ರ ಮತ್ತ ನನಗ್ಯಾಕ್ರಿ ಜೇಲು?"

"ಗೊತ್ತಿರೋದು ಬ್ಯಾರೆ, ಸಾಬೀತು ಆಗೋದು ಬ್ಯಾರೆ. ಗೊತ್ತಿರೋದಕ್ಕೆಲ್ಲ ಜೇಲು ಅಂದ್ರ ಈ ಕಚೇರ್ಯಾಗ ದೀಪ ಹಚ್ಚಾಕ ಒಬ್ಬ ಉಳಿಯಂಗಿಲ್ಲ."

ಹೀಗೆ ಮೀಟರಿನ ಕಾಯಿಲೆ ಕಂಡುಹಿಡಿಯುವ ಕೆಲಸ ಕಾಯಿದೆಯ ಪ್ರಕಾರ ಶುರುವಾಯಿತು. ಮಹಕಮೆಯ ವಾಹನಕ್ಕೆ ಅಸ್ವಸ್ಥತೆ ಉಂಟಾದಲ್ಲಿ ಪರೀಕ್ಷೆ ಮಾಡತಕ್ಕವನು ಸಲೋತ್ರಿ, ಅಂದರೆ ಕುದುರೆ ವೈದ್ಯ. ಮುದಗಲ್ಲಿನಿಂದ ಸಲೋತ್ರಿಯನ್ನು ಕರೆಸಿದರು. ಆತ ವಯಸ್ಸಾದವನು, ಕೆಲಸದಲ್ಲಿ ಕಟ್ಟುನಿಟ್ಟು. ಗಾಡಿಯ ಮುಂದೆ ಕೂತು ಮುಚ್ಚಳ ಎತ್ತಿಸಿ ಬಾಯಿ ನೋಡಿದ. ಆಗಷ್ಟೇ ಬಂದು ನಿಂತ ಗಾಡಿಯ ನೀರಿನ ಡಬ್ಬಿ ಮುಟ್ಟಿ ಕೈ ಸುಟ್ಟುಕೊಂಡು, ಜ್ವರ ಇದೆ ಎಂದ. ಹಿಂದಿನ ಹೊಗೆ ಕೊಳವೆಯನ್ನು ಮೂಸಿ ಬಹಳ ಹೊತ್ತು ಯೋಚಿಸಿದ. ಕಡೆಗೆ ಒಂದು ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ರಬ್ಬರಿನ ಮೇಲೆ ಬೆರಳಾಡಿಸಿದ.

"ನಾಲು ಸವದಾವ," ಅಂದ. ನಾಲು ಎಂದರೆ ಲಾಳ.

ಉಸ್ಮಾನ್‌ಸಾಬನಿಗೆ ಜೀವ ಬಂತು. "ನಾಲು ಸವದಾವ ಅಂದ್ರ ನಡದದ ಅಂತ ಆತಲ್ರಿ ಚಾಚಾ. ಅದೊಂದು ಮಾತು ಬರೀರಿ."

"ನಿಂತಲ್ಲೇ ಕಾಲು ಕೆರದ್ರೂ ನಾಲು ಸವಿತಾವ," ಅಂದ ಸಲೋತ್ರಿ. "ಕಟ್ಟಿ ಹಾಕಿದ ಕುದುರಿ ಸಿಟ್ಟಿಗೆ ಹಂಗ ಮಾಡತಾವ. ನೋಡೀನಿ ನಾ."

ಅವನ ವರದಿ ಚಿಕ್ಕದಾಗಿತ್ತು. ಪ್ರಾಣಿ ಉಣ್ಣುತ್ತದೆ, ನಡೆಯುವುದಿಲ್ಲ. ದಿನಾ ನಸುಕಿನಲ್ಲಿ ತಿರುಗಾಡಿಸಿ, ಬೆಲ್ಲ ಅಜವಾನ ಕೊಡುವುದು. ಒಂದು ಕೋಳಿ ತೆಗೆದುಕೊಂಡು ಆತ ಇದ್ದಿಲು ಬಸ್ಸು ಹತ್ತಿದ. ಸಾಹೇಬರು ವರದಿಯನ್ನು ಎರಡು ಸಲ ಓದಿಸಿ ಕೇಳಿ, ಆದರೂ ಮನುಷ್ಯ ಓದಿದವನು ಎಂದರು. ಮರುದಿನದಿಂದ ಅಡಿಗೆಯವ ಗಾಡಿಯ ಮುಂದೆ ಬೆಲ್ಲ ಅಜವಾನ ಇಡುತ್ತಿದ್ದ. ಅದು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗುತ್ತಿತ್ತು. ಗಾಳೆಪ್ಪನಿಗೆ ಆ ವಾರ ಹೊಟ್ಟೆನೋವು ಬರಲಿಲ್ಲ.

ಮನೆಯಲ್ಲಿ ಉಸ್ಮಾನ್‌ಸಾಬನ ಹೆಂಡತಿ ಸಕೀನಾಬೀ ಜೋಳದ ರೊಟ್ಟಿ ತಟ್ಟುತ್ತಾ ಎಲ್ಲವನ್ನೂ ಕೇಳಿದಳು. ಕೋಳಿ ಅವಳದೇ. ಸರ್ಕಾರಕ್ಕೆ ಕೊಟ್ಟ ಕೋಳಿಯ ಬಗ್ಗೆ ಮಾತಾಡಿ ಉಪಯೋಗವಿಲ್ಲ ಎಂದು ಅವಳಿಗೆ ತಿಳಿದಿತ್ತು. ರೊಟ್ಟಿ ಹೆಂಚಿಗೆ ಹಾಕಿ ಹೇಳಿದಳು: "ನೀ ಕದ್ದಿಲ್ಲ, ಜೇಲಿಗೆ ಹೊಂಟಿ. ಕದ್ದಾಂವ ಕಚೇರ್ಯಾಗ ಕುಂತು ಎಲಿ ಅಡಿಕಿ ತಿನ್ನಾಕತ್ತಾನ. ಉಳಿಯೋ ದಾರಿ ಯಾರಿಗೆ ಗೊತ್ತದ ಹೇಳು? ನನ್ನ ಮುಂದ ಅಳಬ್ಯಾಡ. ಅವನ ಮುಂದ ಹೋಗಿ ಅಳು."

ಉಸ್ಮಾನ್‌ಸಾಬ್ ಹೋಗಿ ಅತ್ತ. ಆಳು ಜೇಲಿಗೆ ಹೋದರೆ ಮುಂದಿನ ಪ್ರಶ್ನೆ ತಮ್ಮ ಅಳಿಯನ ಲಾರಿಯ ತನಕ ಬಂದೀತೆಂದು ಪೇಷ್ಕಾರರಿಗೂ ಅನಿಸಿತ್ತು. ಅವರು ಹಳೆಯ ಕಾಯಿದೆಗಳನ್ನು ಕೆದಕಿ ಒಂದು ಕಲಂ ತೆಗೆದರು. ಸರ್ಕಾರದ ಒಂದು ಅಳತೆ ತಪ್ಪೆಂದು ಹೇಳಬೇಕಾದರೆ ಸರ್ಕಾರದ ಇನ್ನೊಂದು ಅಳತೆಯೇ ಹೇಳಬೇಕು. ಮನುಷ್ಯರ ಮಾತು ನಡೆಯುವುದಿಲ್ಲ. ಮಹಕಮೆಯ ಹತ್ತಿರ ಮೀಟರು ಬಿಟ್ಟರೆ ಇನ್ನೊಂದು ಅಳತೆ ಇತ್ತು. ಮೈಲುಗಲ್ಲು. ಗಾಡಿಯನ್ನು ಕಲ್ಲಿನಿಂದ ಕಲ್ಲಿಗೆ ಓಡಿಸುವುದು. ಕಲ್ಲು ಒಂದು ಮೈಲಿ ಎಂದು, ಮೀಟರು ಸೊನ್ನೆ ಎಂದರೆ, ಹಿರಿಯ ನೌಕರನಾದ ಕಲ್ಲಿನ ಮಾತೇ ಮೇಲು. ಮೀಟರು ಕೆಟ್ಟದ್ದು ಸಾಬೀತು, ಉಸ್ಮಾನ್‌ಸಾಬ್ ಬಚಾವು.

ಶುಕ್ರವಾರದ ನಮಾಜು ಮುಗಿಸಿ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತರು. ಪೇಷ್ಕಾರರು ಪಕ್ಕದಲ್ಲಿ. ಗಾಳೆಪ್ಪ ಪಾವಟಿಗೆಯ ಮೇಲೆ ನಿಂತು, ಕಲ್ಲು ಬಂದಾಗ ಕೂಗಬೇಕು. ಉಸ್ಮಾನ್‌ಸಾಬ್ ಬಿಸ್ಮಿಲ್ಲಾ ಎಂದು ಗಾಡಿ ಬಿಟ್ಟ.

ಊರ ಹೊರಗೆ ಮೊದಲನೇ ಕಲ್ಲು ಸರಿಯಾಗಿ ಸಿಕ್ಕಿತು. ಗಾಳೆಪ್ಪ ಕೂಗಿದ. ಮುಳ್ಳು ಸೊನ್ನೆಯ ಮೇಲೆ ಕಲ್ಲಿನಂತೆ ಕೂತಿತ್ತು. ಸಾಹೇಬರು, ಶಾಬಾಷ್, ಒಂದು ಮೈಲಿಯ ಫರಕು ಬರೆಯಿರಿ ಎಂದರು. ಉಸ್ಮಾನ್‌ಸಾಬನಿಗೆ ಜೇಲಿನ ಬಾಗಿಲು ಒಂದು ಮೈಲಿಯಷ್ಟು ಹಿಂದೆ ಸರಿದಂತಾಯಿತು.

ಎರಡನೇ ಕಲ್ಲು ಸಿಗಲಿಲ್ಲ. ಗಾಡಿ ನಿಲ್ಲಿಸಿ ಜಾಲಿ ಕಂಟಿಯಲ್ಲಿ ಹುಡುಕಿದರು. ಮೂರನೆಯದೂ ಇಲ್ಲ. ಮುಂದೊಂದು ಹಳ್ಳಿಯ ಬೇವಿನ ಗಿಡದ ಕೆಳಗೆ ಎರಡು, ಮೂರು, ನಾಲ್ಕನೇ ಕಲ್ಲುಗಳು ಪಂಚಾಯ್ತಿಗೆ ಕೂತ ಹಿರಿಯರಂತೆ ಒಟ್ಟಿಗೆ ಕೂತಿದ್ದವು. ಐದನೆಯದು ರಸ್ತೆಗೆ ಅಡ್ಡಲಾಗಿ, ಎಲ್ಲಿಗೋ ಹೊರಟು ದಣಿದಂತೆ ಬಿದ್ದಿತ್ತು. ಆರನೆಯದು ಎರಡಿದ್ದವು. ಗಾಳೆಪ್ಪ ಮೊದಮೊದಲು ಕೂಗುತ್ತಿದ್ದವನು ಆಮೇಲೆ ಕೆಮ್ಮತೊಡಗಿದ.

ಏಳನೇ ಕಲ್ಲು ರಸ್ತೆ ಬಿಟ್ಟು ಒಳಗೆ, ಬಸ್ಸಮ್ಮ ಎಂಬ ಹೆಣ್ಣುಮಗಳ ಮನೆಯ ಅಂಗಳದಲ್ಲಿತ್ತು. ಅವಳು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಸಾಹೇಬರು ಗಾಡಿಯಲ್ಲಿ ಹೋಗುತ್ತಿದ್ದರು ನಿಜ. ಆದರೆ ಅವರ ಮಂಚ, ಗಾದಿ, ಸ್ನಾನದ ಹಂಡೆ, ಹುಕ್ಕಾ, ಡೇರೆ, ಕುರ್ಚಿಗಳು ಗಾಡಿಯಲ್ಲಿ ಹಿಡಿಯುತ್ತಿರಲಿಲ್ಲ. ಅವನ್ನು ಹಳ್ಳಿಯವರು ಹೊರಬೇಕು. ಇದಕ್ಕೆ ಬಿಟ್ಟಿ ಬೇಗಾರಿ ಎಂದು ಹೆಸರು. ಬಿಟ್ಟಿ ಎಂದರೆ ಕೂಲಿ ಇಲ್ಲ. ಬೇಗಾರಿ ಎಂದರೂ ಕೂಲಿ ಇಲ್ಲ. ಎರಡು ಸಲ ಹೇಳುವುದು ಮರೆಯಬಾರದೆಂದು. ಪ್ರತಿ ಹಳ್ಳಿಗೂ ಇಂಥ ಕಲ್ಲಿನಿಂದ ಇಂಥ ಕಲ್ಲಿನ ತನಕ ಎಂದು ಹೊರೆ ಗೊತ್ತುಪಡಿಸಿದ್ದರು. ಕಲ್ಲು ಮುಟ್ಟಿದ ಕೂಡಲೇ ಹೊರೆ ಇಳಿಸಬಹುದು, ಅಲ್ಲಿಂದ ಮುಂದಿನ ಊರಿನವರು ಎತ್ತಬೇಕು. ಹೊರುವವರಿಗೆ ಕಾಯಿದೆ ತಿದ್ದುವ ಅಧಿಕಾರವಿರಲಿಲ್ಲ. ಕಲ್ಲು ಕೀಳುವ ತೋಳಿತ್ತು. ಅವರು ಕಲ್ಲನ್ನೇ ತಮ್ಮ ಊರ ಕಡೆ ಸರಿಸಿಕೊಂಡರು. ಆಚೆಯವರು ಸುಗ್ಗಿ ಮುಗಿದ ಮೇಲೆ ಅದನ್ನು ಮತ್ತೆ ಹಿಂದಕ್ಕೆ ತಳ್ಳಿದರು. ಹೀಗೆ ಆ ರಸ್ತೆಯ ಕಲ್ಲುಗಳು ಮಹಕಮೆಯ ನೌಕರರಿಗಿಂತ ಹೆಚ್ಚು ದೌರಾ ಮಾಡಿದ್ದವು.

ಪೇಷ್ಕಾರರು ಗಾಡಿಯಿಂದ ಇಳಿಯದೆ ಕೇಳಿದರು: "ಏನ್ ಬೇ, ಸರ್ಕಾರದ ಕಲ್ಲು ನಿನ್ನ ಅಂಗಳಕ್ಕ ಹ್ಯಾಂಗ ಬಂತು?"

"ನಡಕೊಂತ ಬಂತ್ರಿ," ಅಂದಳು ಬಸ್ಸಮ್ಮ, ಒಗೆಯುವುದು ನಿಲ್ಲಿಸದೆ. "ಹೋದ ವರ್ಷ ಹಳ್ಳದ ಆಚಿ ಇತ್ತು. ಸಾಹೇಬ್ರ ಮಂಚ ಹೊತ್ತು ಹೊತ್ತು ನಮ್ಮ ಮೈದುನನ ಹೆಗಲ ತೊಗಲು ಕಿತ್ತು ಹೋತು. ಕಲ್ಲಿಗೇ ಮರುಕ ಬಂದು ಈಚಿ ಬಂದದ. ಮನಷ್ಯಾರಿಗೆ ಯಾವಾಗ ಬರತದ ನೋಡೋಣು."

"ಸುಳ್ಳು ಹೇಳಿದ್ರ ಸಜಾ ಆದೀತು."

"ಸುಳ್ಳಲ್ರಿ. ನೀವು ಮ್ಯಾಲಿಂದ ಮ್ಯಾಲ ಬಂದು, ಕಲ್ಲು ಹಾಕಿದಲ್ಲೇ ಅದಾವ ಅಂತ ಬರಕೊಂಡು ಹೋಗೀರಿ. ನಾವೂ ಹಾಕಿದಲ್ಲೇ ಅದಾವ ಅಂತ ತಿಳಕೊಂಡೀವಿ. ಹಾಕಿದೋರು ಯಾರು ಅಂತ ನೀವೂ ಕೇಳಲಿಲ್ಲ."

ಸಾಹೇಬರು ಕೈಯಲ್ಲಿದ್ದ ಬೆತ್ತದ ಹಿಡಿಯನ್ನು ನೋಡುತ್ತಾ ಕೂತರು. ಇಷ್ಟು ವರ್ಷ ಪ್ರತಿ ದೌರಾದ ಕೊನೆಗೆ ಎಲ್ಲ ಕಲ್ಲುಗಳು ತಮ್ಮ ತಮ್ಮ ಸ್ಥಾನದಲ್ಲಿವೆ ಎಂದು ಅವರೇ ಮೊಹರು ಒತ್ತಿದ್ದರು. ಕಲ್ಲುಗಳ ಸಾಕ್ಷಿ ಮೇಲಿನ ಕಚೇರಿಗೆ ಹೋದರೆ, ಸಾಕ್ಷಿದಾರರು ಎಲ್ಲೆಲ್ಲಿ ನಿಂತು ಸಾಕ್ಷಿ ಹೇಳಿದರು ಎಂಬುದೂ ಮೇಲೆ ಹೋಗುತ್ತದೆ. ಹೋಗಲಿ, ಮೀಟರು ಸರಿಯೆಂದು ಒಪ್ಪಿದರೆ ಅವರು ಕಚೇರಿ ಬಿಟ್ಟು ಹೊರಟೇ ಇಲ್ಲ. ಮಾಡಿದ ದೌರಾಗಳೆಲ್ಲ ಸುಳ್ಳು. ಉಸ್ಮಾನ್‌ಸಾಬ್ ಮುಂದಿನ ಕನ್ನಡಿಯಲ್ಲಿ ಸಾಹೇಬರ ಮುಖ ನೋಡಿದ. ಅದು ತನ್ನ ಮುಖದ ಹಾಗೇ ಕಂಡಿತು. ಒಂದೇ ಗಾಡಿಯಲ್ಲಿ ಕೂತವರ ಕಷ್ಟ ಒಂದೇ ಆಗುವುದು ಆ ರಸ್ತೆಯಲ್ಲಿ ಅದೇ ಮೊದಲು.

ಗಾಡಿ ಹಿಂದಕ್ಕೆ ತಿರುಗಿತು. ಪೇಷ್ಕಾರ ಅಮರಗುಂಡಪ್ಪನವರು ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ಲಿಂಗಸುಗೂರಿನ ಹಳೆಯ ದಂಡಿನ ಬಯಲು ಕಾಣುವ ಹೊತ್ತಿಗೆ ಅವರು ಕಣ್ಣು ತೆರೆದರು.

"ಹುಜೂರ್, ಮೀಟರು ಸರಿ ಅದ."

ಉಸ್ಮಾನ್‌ಸಾಬನ ಗಾಡಿ ಬದಿಯ ಕಂಟಿಗೆ ಉಜ್ಜಿತು.

"ಗಾಡೀನೂ ನಡದದ," ಎಂದು ಪೇಷ್ಕಾರರು ಮುಂದುವರಿಸಿದರು. "ಹುಜೂರರು ದೌರಾ ಮಾಡ್ಯಾರ, ಅದೂ ಖರೆ. ಕಲ್ಲು ಇರೋ ಜಾಗಾನೂ ಸರಿ. ಎಲ್ಲಾನೂ ಖರೆ ಆಗಬೇಕಂದ್ರ ಒಂದ ಒಂದು ಉಪಾಯ. ಇಲ್ಲಿಂದ ಸಿಂಧನೂರಿಗೆ ದೂರಾನ ಇಲ್ಲ."

ಸಾಹೇಬರು, ಇದು ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದರು.

ಮರುವಾರ ಡಂಗುರ ಸಾರಿದರು. ಕಚೇರಿಯ ಗೋಡೆಗೂ ಹಚ್ಚಿದರು:

"ಸಮಸ್ತ ರಯತರಿಗೆ ತಿಳಿಯಪಡಿಸುವುದೇನೆಂದರೆ, ಮಹಕಮೆಯ ಮೀಟರನ್ನು ಕೂಲಂಕಷ ಪರೀಕ್ಷಿಸಲಾಗಿ ಅದು ಪೂರ್ಣ ಆರೋಗ್ಯದಿಂದಿರುವುದು ಕಂಡುಬಂದಿದೆ. ಸದರಿ ಮೀಟರಿನ ಪ್ರಕಾರ ಲಿಂಗಸುಗೂರಿನಿಂದ ಮಸ್ಕಿಗೆ ಸೊನ್ನೆ ಮೈಲಿ, ಮಸ್ಕಿಯಿಂದ ಸಿಂಧನೂರಿಗೆ ಸೊನ್ನೆ ಮೈಲಿ. ಇಂದಿನಿಂದ ಎಲ್ಲ ಕಲ್ಲುಗಳ ಮೇಲೆ ಸೊನ್ನೆ ಬರೆಯತಕ್ಕದ್ದು. ಯಾವ ಕಲ್ಲು ಎಲ್ಲಿದ್ದರೂ ಅದು ತನ್ನ ಸ್ಥಾನದಲ್ಲಿಯೇ ಇದೆಯೆಂದು ಭಾವಿಸತಕ್ಕದ್ದು. ಈ ರಸ್ತೆಯಲ್ಲಿ ನಡೆದು ದಣಿದೆವೆಂದು ಹೇಳುವವರು ಸರ್ಕಾರದ ಮೇಲೆ ಸುಳ್ಳು ಆಪಾದನೆ ಮಾಡಿದವರಾಗುತ್ತಾರೆ."

ಉಸ್ಮಾನ್‌ಸಾಬನಿಂದ ಸಹಿ ತೆಗೆದುಕೊಂಡದ್ದು ಅದೇ ದಿನ. ಗಾಡಿ ಓಡುತ್ತಿರುವಾಗ ನಿಂತಿತ್ತು, ನಿಂತಿರುವಾಗ ದಾಣಿ ತಿಂದಿತು, ಇದರಲ್ಲಿ ಸಾಯಿಸನ ತಪ್ಪಿಲ್ಲ ಎಂದು ಬರೆದಿತ್ತು.

"ಒಂದು ಮಾತು ಕೇಳಲೇನ್ರಿ," ಅಂದ ಉಸ್ಮಾನ್‌ಸಾಬ್. "ಇಷ್ಟು ವರ್ಷ ಬಿಸಲು ಮಳಿ ಅನ್ನದ ಗಾಡಿ ಹೊಡದೀನಿ. ಹಂಗಾರ ನಾ ಎಲ್ಲಿಗೆ ಹೋಗಿದ್ನಿ?"

"ಎಲ್ಲಿಗೂ ಹೋಗಿಲ್ಲ," ಅಂದರು ಪೇಷ್ಕಾರರು. "ಅದಕ್ಕ ಜೇಲಿಗೂ ಹೋಗಂಗಿಲ್ಲ. ಹಾಕು ಸಹಿ."

ಉಸ್ಮಾನ್‌ಸಾಬ್ ಮಸ್ಕಿ ಹಳ್ಳದ ಉಸುಕಿನಲ್ಲಿ ಗಾಡಿ ಸಿಕ್ಕಾಗ ನೂಕಿದ ದಿನಗಳನ್ನು ನೆನೆದ. ಸಕೀನಾಬೀಯ ಒಲೆಯನ್ನೂ ನೆನೆದ. ಸಹಿ ಹಾಕಿದ. ಮೇಲಿನ ಕಚೇರಿಯ ಲೆಕ್ಕದವರು ಖರ್ಚಾದ ಪೆಟ್ರೋಲನ್ನು ಮೈಲಿಗೆ ಹಂಚಲು ಕೂತರು. ಸೊನ್ನೆಗೆ ಏನನ್ನೂ ಹಂಚಲು ಬರುವುದಿಲ್ಲವಾಗಿ, ಲೆಕ್ಕದಲ್ಲಿ ತಪ್ಪು ಸಿಕ್ಕಿಲ್ಲ ಎಂದು ಬರೆದು ಕಳಿಸಿದರು. ತಂತಿ ಮಾತ್ರ ಕಡಿದೇ ಇತ್ತು. ಆರೋಗ್ಯವಾಗಿರುವ ಮೀಟರಿಗೆ ಔಷಧ ತರಿಸುವ ಅವಕಾಶ ಕಾಯಿದೆಯಲ್ಲಿ ಇರಲಿಲ್ಲ. ಆದರೆ ಲಡಾಯಿಯ ಕಾಲದಲ್ಲಿ ಸಾಮಾನು ಕೇಳಿ ಇಡದಿದ್ದರೆ ಮುಂದೆ ಸಿಗುವುದಿಲ್ಲವೆಂದು ಪೇಷ್ಕಾರರು ಮುಂಬೈಗೆ ಒಂದು ಹೊಸ ತಂತಿಗೆ ಬರೆದುಹಾಕಿದರು.

ಹಳ್ಳಿಗಳಲ್ಲಿ ಕಲ್ಲುಗಳಿಗೆ ಸುಣ್ಣ ಬಳಿದು ಸೊನ್ನೆ ಬರೆಯುವ ಕೆಲಸವೂ ಬಿಟ್ಟಿ ಬೇಗಾರಿಯಲ್ಲೇ ಆಯಿತು. ಕೆಲಸ ಮುಗಿದ ಮೇಲೆ ಸಾಹೇಬರು ಸಿಂಧನೂರಿಗೆ ದೌರಾ ಹೊರಟರು. ಮಂಚ ಹೊರಲು ಆಳು ಕಳಿಸಿ ಎಂದು ಹಳ್ಳಿಗಳಿಗೆ ಹೇಳಿಕಳಿಸಿದರು. ಈಗ ನಡುವೆ ಕಲ್ಲಿನ ಗಡಿ ಇಲ್ಲ. ಮೊದಲ ಹಳ್ಳಿಯವರೇ ಸಿಂಧನೂರಿನ ತನಕ ಹೊರಬಹುದು, ಸೊನ್ನೆ ಮೈಲಿ ತಾನೆ ಎಂದು ಪೇಷ್ಕಾರರು ಮೀಸೆಯಡಿ ನಕ್ಕಿದ್ದರು.

ಆಳು ಬರಲಿಲ್ಲ. ಬಸ್ಸಮ್ಮ ಬಂದಳು. ಅವಳ ಹಿಂದೆ ಆ ರಸ್ತೆಯ ಹಳ್ಳಿಗಳವರು ಕಚೇರಿಯ ಅಂಗಳದ ತುಂಬ ನಿಂತರು. ಅವಳ ಮೈದುನ ಅಂಬಪ್ಪ ಹೆಗಲಿಗೆ ಎಣ್ಣೆಯ ಅರಿವೆ ಸುತ್ತಿಕೊಂಡಿದ್ದ.

"ಕಸಬಾದವರು, ಅಂದ್ರ ಲಿಂಗಸುಗೂರು ಊರಾಗ ಇರೋರು, ಬಿಟ್ಟಿ ಬೇಗಾರಿ ಮಾಡಂಗಿಲ್ಲ ಅಂತ ಕಾಯಿದಿ ಅದ. ಹೌದಿಲ್ರಿ?" ಅಂದಳು.

ಪೇಷ್ಕಾರರು ಹೌದೆಂದರು. ಅವರೂ ಅದೇ ಕಸಬಾದವರು. ಆ ಕಾಯಿದೆ ಅವರಿಗೆ ಬಾಯಿಪಾಠ.

"ನಮ್ಮೂರಿಗೂ ಲಿಂಗಸುಗೂರಿಗೂ ಸೊನ್ನಿ ಮೈಲಿ ಅಂತ ನೀವ ಡಂಗುರ ಹೊಡಿಸೀರಿ. ನಡುವ ದೂರ ಇಲ್ಲಂದ್ರ ನಾವೂ ಕಸಬಾದವರ. ಮಸ್ಕಿಯವರೂ ಕಸಬಾದವರ. ಸಿಂಧನೂರಿನವರೂ. ಮಂಚ ಹೊರೋರು ಬೇಕಂದ್ರ ಈ ರಸ್ತಾದ ಹೊರಗ ಹುಡುಕ್ರಿ."

"ಗುರುಗುಂಟಾದವರನ್ನ ಕರಸ್ತೀವಿ," ಅಂದರು ಪೇಷ್ಕಾರರು.

"ಕರಸ್ರಿ. ಆ ರಸ್ತಾಕ್ಕೂ ಒಂದ್ಸಲ ಗಾಡಿ ಹೊಡದು, ಮುಳ್ಳು ಏನಂತದ ನೋಡ್ರಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ನಗುವ ಕೆಲಸವನ್ನು ಅವರು ಊರಿಗೆ ಹೋದ ಮೇಲೆ ಮಾಡಿದರೆಂದು ಕೇಳಿದ್ದೇವೆ. ಪೇಷ್ಕಾರರು ಸಾಹೇಬರ ಮುಖ ನೋಡಿದರು, ಸಾಹೇಬರು ಗೋಡೆಯ ಮೇಲಿನ ಪ್ರಕಟಣೆ ನೋಡಿದರು. ಅದರ ಕೆಳಗೆ ಅವರದೇ ಮೊಹರಿತ್ತು. ಅದನ್ನು ಸುಳ್ಳೆಂದರೆ ಗಾಡಿ, ದಾಣಿ, ದೌರಾ, ಲಾರಿ ಎಲ್ಲಾ ಮೊದಲಿಂದ ಏಳುತ್ತವೆ. ಜನ ಬಂದಂತೆಯೇ ಸಾಲಾಗಿ ಹಿಂದಿರುಗಿದರು. ಅಂದಿನಿಂದ ಆ ರಸ್ತೆಯಲ್ಲಿ ಯಾರೂ ಮಂಚ ಹೊರಲಿಲ್ಲ.

ಮಂಚವಿಲ್ಲದೆ ಸಾಹೇಬರು ಮಲಗುವಂತಿಲ್ಲ. ಮಲಗದೆ ದೌರಾ ಮಾಡುವಂತಿಲ್ಲ. ದೌರಾ ಮಾಡದಿದ್ದರೆ ಪೆಟ್ರೋಲು ಬರುವುದಿಲ್ಲ, ಪೆಟ್ರೋಲು ಬರದಿದ್ದರೆ ಹತ್ತಿ ಗಾದಿ ಬರುವುದಿಲ್ಲ. ಈ ತೊಡಕನ್ನು ಬಿಡಿಸಿದ್ದು ಕೂಡ ಪೇಷ್ಕಾರರೇ. ಲಿಂಗಸುಗೂರೇ ಮಸ್ಕಿ, ಲಿಂಗಸುಗೂರೇ ಸಿಂಧನೂರು ಎಂದ ಮೇಲೆ ಸಾಹೇಬರು ಅಂಗಳದಿಂದ ಹೊರಗೆ ಹೋಗುವುದು ಯಾಕೆ?

ಅಲ್ಲಿಂದ ದೌರಾ ಅಂಗಳದಲ್ಲೇ ನಡೆಯತೊಡಗಿತು. ಸಾಹೇಬರು ಶೇರ್ವಾನಿ ತೊಟ್ಟು ಹಿಂದಿನ ಸೀಟಿನಲ್ಲಿ ಕೂಡುವರು. ಉಸ್ಮಾನ್‌ಸಾಬ್ ಇಂಜಿನ್ನು ಚಾಲೂ ಮಾಡಿ ಸ್ಟೇರಿಂಗ್ ಹಿಡಿಯುವನು. ಗಾಡಿ ನಿಂತಲ್ಲೇ ಗುಡುಗುಡು ಅನ್ನುವುದು. ತಿರುವು ಬಂದಾಗ ಅವನು ಹಾರ್ನು ಹೊಡೆಯುವನು, ಹಳ್ಳ ಬಂದಾಗ ಗಾಳೆಪ್ಪ ಸಾಹೇಬರ ಬೂಟು ಎತ್ತಿ ಹಿಡಿಯುವನು. ಮಸ್ಕಿ ಬಂತು ಎಂದು ಉಸ್ಮಾನ್‌ಸಾಬ್ ಹೇಳಿದ ಮೇಲೆ ಸಾಹೇಬರು ಇಳಿದು, ಅಂಗಳದ ಬೇವಿನ ಗಿಡದ ಕೆಳಗೆ ಕಾದಿರುವ ಮಸ್ಕಿಯವರ ಅರ್ಜಿ ತೆಗೆದುಕೊಳ್ಳುವರು. ಮಸ್ಕಿಯವರು ಮಸ್ಕಿಯಲ್ಲೇ ಇರುತ್ತಾರೆಂಬುದು ಸ್ಪಷ್ಟವಿದ್ದುದರಿಂದ ಅವರು ಹೇಗೆ ಬಂದರೆಂದು ಯಾರೂ ಕೇ‌ಳುತ್ತಿರಲಿಲ್ಲ.

ಮೊದಮೊದಲು ಉಸ್ಮಾನ್‌ಸಾಬನಿಗೆ ನಾಚಿಕೆಯಾಯಿತು. ಆಮೇಲೆ ರೂಢಿಯಾಯಿತು. ಸಕೀನಾಬೀ ಸಂಜೆಗೆ, ಇವತ್ತು ಎಲ್ಲಿಗೆ ಹೋಗಿದ್ದಿ ಎಂದು ಕೇಳುತ್ತಿದ್ದಳು, ಅವನು ಸಿಂಧನೂರು ಎನ್ನುತ್ತಿದ್ದ. ಅಲ್ಲಿ ಬಳೆ ಚಲೋ ಸಿಗತಾವ, ಒಂದು ಡಜನ್ ತರಬೇಕಿಲ್ಲೇನು ಎಂದು ಅವಳು ಹಂಗಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬೈಯಿಂದ ಹೊಸ ತಂತಿ ಬಂತು. ಬಂದ ಸಾಮಾನು ಬಿಡುವುದು ಹೇಗೆಂದು ಹಾಕಿಸಿದರು. ಅಂಗಳದಲ್ಲಿ ಪೂರಾ ಒಂದು ಸಿಂಧನೂರು ದೌರಾ ಮಾಡಿ ನೋಡಿದರು. ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಹಳೇ ತಂತಿ ಹೇಳಿದ್ದನ್ನೇ ಹೊಸ ತಂತಿಯೂ ಹೇಳಿದೆ ಎಂದು ಪೇಷ್ಕಾರರು ಬಹಳ ಸಂತೋಷದಿಂದ ಮೇಲಕ್ಕೆ ಬರೆದರು.

ಮುಂದಿನ ದೌರಾದಲ್ಲಿ ಒಂದು ಅಚಾತುರ್ಯ ನಡೆಯಿತು. ಹಳ್ಳ ದಾಟಿ ಆಗಿತ್ತು. ಗಾಳೆಪ್ಪ ಸಾಹೇಬರ ಬೂಟು ಕೆಳಗಿಟ್ಟಿದ್ದ. ಹಳ್ಳ ದಾಟಿದ ಮೇಲೆ ಮಸ್ಕಿಯ ಕಡೆ ಒಂದು ಏರು ಇದೆ. ಅಲ್ಲಿ ಗೇರು ಬದಲಿಸದಿದ್ದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಉಸ್ಮಾನ್‌ಸಾಬನ ಕೈ ಅವನನ್ನು ಕೇಳದೆ ಗೇರಿಗೆ ಹೋಯಿತು. ಕಾಲು ಕೈಯ ಮಾತು ಕೇಳಿತು. ಗಾಡಿ ಜಿಗಿದು ಅಂಗಳ ದಾಟಿ ಬಾಗಿಲ ಕಡೆ ಓಡಿತು. ಮುಳ್ಳು ಸೊನ್ನೆಯಿಂದ ಎದ್ದಿತು.

ಅದು ಏಳುವುದನ್ನು ಉಸ್ಮಾನ್‌ಸಾಬ್ ನೋಡಿದ. ಅವನ ಹೆಗಲ ಮೇಲಿಂದ ಸಾಹೇಬರು ನೋಡಿದರು. ಪಾವಟಿಗೆಯ ಮೇಲಿಂದ ಗಾಳೆಪ್ಪ ನೋಡಿದ, ಕಚೇರಿಯ ಕಿಡಕಿಯಿಂದ ಪೇಷ್ಕಾರರು ನೋಡಿದರು. ಉಸ್ಮಾನ್‌ಸಾಬ್ ಒಂದು ಕಾಲಿನಿಂದ ಬ್ರೇಕು ಒತ್ತಿದ. ಒಂದು ಅಂಗೈಯನ್ನು ಮೀಟರಿನ ಮೇಲೆ ಮುಚ್ಚಿದ. ಗಾಡಿ ಬಾಗಿಲ ಹತ್ತಿರ ನಿಂತಿತು. ಅಂಗೈಯ ಅಡಿಯಲ್ಲಿ ಮುಳ್ಳು ತನ್ನ ಜಾಗಕ್ಕೆ ಹೋಗುವ ತನಕ ಅವನು ಕೈ ತೆಗೆಯಲಿಲ್ಲ.

ಸಾಹೇಬರು ಬೇವಿನ ಗಿಡ ನೋಡುತ್ತಿದ್ದರು. ಗಾಳೆಪ್ಪ ತೂಕಡಿಸುತ್ತಿದ್ದ. ಪೇಷ್ಕಾರರು ಕಿಡಕಿ ಹಾಕಿಕೊಂಡರು.

"ಎಲ್ಲಿಗೆ ಬಂದಿವಿ?" ಎಂದು ಸಾಹೇಬರು ಕೇಳಿದರು.

"ಎಲ್ಲಿಗೂ ಇಲ್ರಿ ಹುಜೂರ್," ಅಂದ ಉಸ್ಮಾನ್‌ಸಾಬ್. "ಮಸ್ಕಿ ಬಂತು."

ಗಿಡದ ಕೆಳಗೆ ಕೂತಿದ್ದ ಮಸ್ಕಿಯವರು ಮೊಣಕಾಲ ತನಕ ಹತ್ತಿದ ಧೂಳು ಕೊಡವಿಕೊಂಡು, ಎದ್ದು ನಿಂತು ಸಲಾಮು ಮಾಡಿದರು.